ಅಳತೆ ಪುಸ್ತಕದ ಮೊದಲ ಪುಟ

ಅತ್ತೆ ತನ್ನ ಅಳತೆ ಪುಸ್ತಕದಲ್ಲಿ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಹೆಸರು ಬರೆದರೆ ಮರೆತುಹೋಗುತ್ತದೆ, ಸಂಬಂಧ ಬರೆದರೆ ಆಳು ಮೈಕಟ್ಟಿನ ಸಮೇತ ಕಣ್ಣಮುಂದೆ ಬಂದು ನಿಲ್ಲುತ್ತಾನೆ ಎಂಬುದು ಐವತ್ತು ವರ್ಷ ಹೊಲಿದವಳ ಅನುಭವ. ಹೊರಗಿನ ಗಿರಾಕಿಗಳಿಗೂ ಇದೇ ಕ್ರಮ. ‘ಔಷಧಿ ಅಂಗಡಿಯವರ ಭಾವಮೈದುನ’, ‘ಮೇಷ್ಟರ ಎರಡನೇ ಸೊಸೆ’, ‘ಹಲ್ಲು ಡಾಕ್ಟರ ಬೀಗರು’ ಎಂದು ಒಂದೊಂದು ಪುಟಕ್ಕೆ ಒಂದೊಂದು ತಲೆಬರಹ. ಮನೆಯವರ ಪುಟಗಳಲ್ಲಿ ಅಳತೆಯ ಪಕ್ಕದಲ್ಲಿ ಷರಾ ಬೇರೆ ಇರುತ್ತಿತ್ತು. ‘ದೊಡ್ಡವನ ಷಡ್ಡಕ: ಸೊಂಟ ನಲವತ್ತನಾಲ್ಕು. ನಲವತ್ತು ಅಂತ ವಾದಿಸುತ್ತಾನೆ. ಒಪ್ಪಿಕೊಂಡು ಒಳಗೆ ಬಟ್ಟೆ ಬಿಟ್ಟಿರುವುದು.’ ‘ಚಿಕ್ಕವನ ಹೆಂಡತಿ: ಕಂಕುಳು ಸಡಿಲ ಇರಲಿ, ಮಾತಾಡುವಾಗ ಕೈ ಬೀಸುತ್ತಾಳೆ.’ ‘ಅತ್ತಿಗೆ: ಕುತ್ತಿಗೆ ಎಷ್ಟು ಬಿಟ್ಟರೂ ಬಿಗಿ ಅನ್ನುತ್ತಾಳೆ. ಅನ್ನಲಿ.’

ಈ ಅತ್ತಿಗೆ ಎಂದರೆ ಮನೆಯ ಅಜ್ಜಿ. ಬರುವ ಭಾನುವಾರಕ್ಕೆ ಆಕೆಗೆ ಎಂಬತ್ತೈದು ತುಂಬುವುದಿತ್ತು. ದೊಡ್ಡವನು ಎಂದರೆ ಅಜ್ಜಿಯ ಹಿರಿಯ ಮಗ, ಮನೆಮಂದಿಗೆಲ್ಲ ದೊಡ್ಡಪ್ಪ. ನೀರು ಸರಬರಾಜು ಕಚೇರಿಯಲ್ಲಿ ನಲವತ್ತು ವರ್ಷ ಪೈಪುಗಳ ನಕ್ಷೆ ಬರೆದು ಎರಡು ವರ್ಷದ ಹಿಂದೆ ನಿವೃತ್ತನಾದವನು. ಚಿಕ್ಕವನು ಸ್ಕೂಲ್ ಬಸ್ಸು ಓಡಿಸುವ ಚಿಕ್ಕಪ್ಪ. ಇವರಿಬ್ಬರ ಹೆಂಡಿರು ಮಕ್ಕಳು, ಮಕ್ಕಳ ಮಕ್ಕಳು, ಇವರೆಲ್ಲ ಹಂಚಿಕೊಂಡಿದ್ದ ಮೂರು ಅಂತಸ್ತಿನ ಮನೆ ಅದು. ಕೆಳಗೆ ರಸ್ತೆಗೆ ಬಾಗಿಲು ತೆರೆಯುವ ಮುಂಕೋಣೆಯಲ್ಲಿ ಅತ್ತೆಯ ಅಂಗಡಿ. ಎರಡು ಮಿಷನ್ನು, ಅಂಚು ಸವೆದು ದುಂಡಗಾದ ಕತ್ತರಿಸುವ ಮೇಜು, ಮೂಲೆಯಲ್ಲಿ ತಲೆಯಿಲ್ಲದ ಒಂದು ಬೊಂಬೆ. ದೊಡ್ಡಪ್ಪನ ಹೆಂಡತಿ ದೊಡ್ಡಮ್ಮ ಆ ಬೊಂಬೆಗೆ ‘ಬಾಯಿಲ್ಲದ ಓರಗಿತ್ತಿ’ ಎಂದು ಹೆಸರಿಟ್ಟಿದ್ದಳು. ಬಾಯಿರುವ ಓರಗಿತ್ತಿ, ಅಂದರೆ ಚಿಕ್ಕಪ್ಪನ ಹೆಂಡತಿ, ಆವತ್ತಿನಿಂದ ಅಂಗಡಿಗೆ ಬಂದಾಗಲೆಲ್ಲ ಆ ಬೊಂಬೆಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು.

ಅತ್ತೆಯನ್ನು ಆ ಮನೆಯಲ್ಲಿ ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ದೊಡ್ಡಪ್ಪ ಚಿಕ್ಕಪ್ಪಂದಿರಿಗೆ ಅತ್ತೆ. ಅವರ ಮಕ್ಕಳು ಲೆಕ್ಕಪ್ರಕಾರ ಅಜ್ಜಿ ಎನ್ನಬೇಕಿತ್ತು. ಆದರೆ ಅಜ್ಜಿ ಅಂದವರ ಗುಂಡಿ ಹಾಕಿಕೊಡುವುದಿಲ್ಲ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದ್ದರಿಂದ ಅವರಿಗೂ ಅತ್ತೆ, ಅವರ ಮಕ್ಕಳಿಗೂ ಅತ್ತೆ. ಹಾಲಿನವನಿಗೆ ಅತ್ತೆ, ಪೋಸ್ಟಿನವನಿಗೆ ಅತ್ತೆ. ಎಂಟು ತಿಂಗಳ ಹಿಂದೆ ದೊಡ್ಡಪ್ಪನ ಮಗನನ್ನು ಮದುವೆಯಾಗಿ ಬಂದ ಹೊಸ ಸೊಸೆಗೆ ಮಾತ್ರ ಇದರಿಂದ ಪೇಚಾಯಿತು. ಅವಳು ಅತ್ತೆ ಎಂದು ಕೂಗಿದರೆ ಅಡುಗೆಮನೆಯಿಂದ ದೊಡ್ಡಮ್ಮ, ಅಂಗಡಿಯಿಂದ ಈಕೆ, ಇಬ್ಬರೂ ‘ಏನು’ ಎನ್ನುತ್ತಿದ್ದರು. ಕೊನೆಗೆ ಅವಳು ಈಕೆಯನ್ನು ಹೊಲಿಗೆ ಅತ್ತೆ ಮಾಡಿಕೊಂಡಳು.

ಅಜ್ಜಿಯ ಹುಟ್ಟುಹಬ್ಬಕ್ಕೆ ಮನೆಯವರನ್ನೆಲ್ಲ ಸೇರಿಸಿ ಒಂದು ಫೋಟೋ ತೆಗೆಸುವುದು, ಎಲ್ಲರೂ ಒಂದೇ ನೀಲಿ ಬಟ್ಟೆ ತೊಡುವುದು, ಜೊತೆಗೆ ಇಡೀ ವಂಶದ ನಕ್ಷೆ ಬರೆದು ಕಟ್ಟು ಹಾಕಿಸಿ ಹಜಾರದ ಗೋಡೆಗೆ ತೂಗುಹಾಕುವುದು, ಈ ಮೂರೂ ದೊಡ್ಡಪ್ಪನ ಯೋಜನೆ. ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತೇವೆ ಎಂದು ಚಿಕ್ಕಪ್ಪ ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡಮ್ಮ ಬೆರಳು ಮಡಿಸಿ ಎಣಿಸಿ ಇಪ್ಪತ್ತಮೂರು ಜನಕ್ಕೆ ಬಟ್ಟೆ ತಂದು ಅತ್ತೆಯ ಮೇಜಿನ ಮೇಲೆ ಹಾಕಿದಳು. ಅತ್ತೆ ಇಪ್ಪತ್ತೆರಡು ಜನರದು ಕತ್ತರಿಸಿದಳು. ಉಳಿದ ಒಂದು ತುಂಡನ್ನು ಮಡಿಸಿ ಸ್ಟೂಲಿನ ಮೇಲಿಟ್ಟಳು. ಅದು ತನ್ನದೆಂದು ಆಕೆಗೆ ಗೊತ್ತಿತ್ತು. ಅದಕ್ಕೆ ಕತ್ತರಿ ಹಾಕಲು ಯಾಕೋ ಕೈ ಬರುತ್ತಿರಲಿಲ್ಲ. ದಿನಾ ಬೆಳಗ್ಗೆ ಧೂಳು ಕೊಡವಿ ಮತ್ತೆ ಅಲ್ಲೇ ಇಡುತ್ತಿದ್ದಳು.

ನಕ್ಷೆಯ ಸುದ್ದಿ ಕೇಳಿದ ದಿನದಿಂದ ಆಕೆಗೆ ಹೀಗಾಗಿತ್ತು. ಮಿಷನ್ನು ತುಳಿಯುವ ಕಾಲು ನಡುವೆ ತಾನಾಗಿಯೇ ನಿಂತುಬಿಡುತ್ತಿತ್ತು.

ದೊಡ್ಡಪ್ಪ ವಂಶವನ್ನೂ ಪೈಪಿನ ಹಾಗೆಯೇ ಬರೆದ. ಮದುವೆಗೆ ಜೋಡಿ ಗೆರೆ, ಮಕ್ಕಳಿಗೆ ಒಂಟಿ ಗೆರೆ, ಮಾತು ಬಿಟ್ಟವರ ನಡುವೆ ಒಂದು ವಾಲ್ವಿನ ಗುರುತು. ಪ್ರತಿ ಚೌಕದ ಕೆಳಗೆ ಆ ಸಂಬಂಧದ ಹೆಸರು, ಆ ಹೆಸರು ಎಲ್ಲಿಂದ ಬಂತೆಂಬ ಟಿಪ್ಪಣಿ. ಇದಕ್ಕಾಗಿ ಲೈಬ್ರರಿಯಿಂದ ಇಟ್ಟಿಗೆಯಂಥ ನಿಘಂಟು ತಂದಿದ್ದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಸೋದರರು ಎಂದು ಅವನು ಓದಿದಾಗ, ಅದಕ್ಕೇ ಇಬ್ಬರದೂ ಒಂದೇ ಥರದ ಹೊಟ್ಟೆ ಎಂದು ದೊಡ್ಡಮ್ಮ ಒಪ್ಪಿಕೊಂಡಳು. ಓರಗಿತ್ತಿ ಎನ್ನುವುದು ಓರಗೆ ಎಂಬ ಮಾತಿನಿಂದ ಬಂದದ್ದು, ಓರಗೆ ಎಂದರೆ ಸರಿಸಮಾನ ಎಂದು ಓದಿದಾಗ ಮಾತ್ರ ದೊಡ್ಡಮ್ಮ ಮತ್ತು ಚಿಕ್ಕಪ್ಪನ ಹೆಂಡತಿ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು. ನಿಘಂಟು ಹಳೆಯದಿರಬೇಕು ಎಂಬ ಒಂದು ವಿಷಯದಲ್ಲಿ ಇಬ್ಬರೂ ಸರಿಸಮಾನರಾದರು.

ಆ ಗುರುವಾರ ಮಧ್ಯಾಹ್ನ ಮಹಡಿಯ ಹಜಾರದಲ್ಲಿ ಎಲ್ಲರೂ ಸೇರಿದ್ದರು. ಊಟದ ಮೇಜಿನ ಮೇಲೆ ನಕ್ಷೆ ಹರಡಿತ್ತು. ನಾಲ್ಕು ಮೂಲೆಗೆ ಉಪ್ಪಿನ ಜಾಡಿ, ಕನ್ನಡಕದ ಡಬ್ಬಿ, ನಿಘಂಟು ಮತ್ತು ದೊಡ್ಡಪ್ಪನ ಮೊಣಕೈ. ಕಿಟಕಿಯ ಬಳಿ ಕುರ್ಚಿಯಲ್ಲಿ ಅಜ್ಜಿ ತೂಕಡಿಸುತ್ತಿದ್ದಳು. ಅತ್ತೆ ಅವಳ ಕಾಲ ಬಳಿ ಮಂಡಿಯೂರಿ, ಬಾಯಲ್ಲಿ ಏಳೆಂಟು ಗುಂಡುಸೂಜಿ ಕಚ್ಚಿಕೊಂಡು, ನೀಲಿ ಗೌನಿನ ಅಂಚು ಮಡಿಸುತ್ತಿದ್ದಳು.

ದೊಡ್ಡಪ್ಪ ಬದುಕಿರುವವರ ಚೌಕಗಳನ್ನು ಎಣಿಸಿದ. ಇಪ್ಪತ್ತೆರಡು. ಬಟ್ಟೆ ಎಷ್ಟು ಜನಕ್ಕೆ ತಂದೆ ಎಂದು ಹೆಂಡತಿಯನ್ನು ಕೇಳಿದ. ಇಪ್ಪತ್ತಮೂರು ಎಂದಳು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಮತ್ತೆ ಎಣಿಸಿದ. ಕೊನೆಗೆ ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು, ಎಲ್ಲೋ ಒಬ್ಬರು ಸೋರಿಹೋಗಿದ್ದಾರೆ ಎಂದು ಕಚೇರಿಯ ಧ್ವನಿಯಲ್ಲಿ ಘೋಷಿಸಿದ. ತೊಟ್ಟಿಲ ಮಗುವನ್ನು ಹೆಂಡತಿ ಎರಡು ಸಲ ಎಣಿಸಿರಬೇಕೆಂದು ಅವನ ಅನುಮಾನ. ಬೀಗರಲ್ಲಿ ಒಬ್ಬರನ್ನು ಗಂಡ ಬೇಕೆಂದೇ ಬಿಟ್ಟಿರಬೇಕೆಂದು ಅವಳ ಅನುಮಾನ.

ಹೊಸ ಸೊಸೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಯಾವುದು ಯಾವ ಗೂಡಿಗೆ ಸೇರಲಿಲ್ಲ ಎಂಬುದು ಅವಳ ಕಣ್ಣಿಗೆ ಬೇಗ ಬೀಳುತ್ತದೆ. ಅವಳು ನಕ್ಷೆಯ ಮೇಲೆ ಒಮ್ಮೆ ಕಣ್ಣಾಡಿಸಿ ಕೇಳಿದಳು:

“ಮಾವ, ಹೊಲಿಗೆ ಅತ್ತೆ ಎಲ್ಲಿ?”

ಗೌನಿನ ಅಂಚಿನಲ್ಲಿ ಅತ್ತೆಯ ಕೈ ನಿಂತಿತು.

ದೊಡ್ಡಪ್ಪ ತಲೆ ಚಚ್ಚಿಕೊಂಡ. ಮನೆಯಲ್ಲಿ ದಿನಾ ಕಾಣುವವರೇ ಮರೆತುಹೋಗುವುದು ನೋಡು ಎಂದು ನಕ್ಕು, ಪೆನ್ಸಿಲ್ಲು ತೆಗೆದು ಅಪ್ಪನ ಚೌಕದ ಕಡೆಗೆ ಹೋದ. ಅತ್ತೆ ಅಪ್ಪನ ಚಿಕ್ಕಪ್ಪನ ಮಗಳು, ಅಂದರೆ ಅಪ್ಪನಿಗೆ ತಂಗಿಯಾಗಬೇಕು ಎಂದು ಒಂದು ಚುಕ್ಕೆ ಗೆರೆ ಎಳೆದ. ದೊಡ್ಡಮ್ಮ ಹುಬ್ಬು ಗಂಟಿಕ್ಕಿದಳು. ಅತ್ತೆ ಅಜ್ಜಿಯ ತೀರಿಹೋದ ತಮ್ಮನ ಹೆಂಡತಿಯಲ್ಲವೇ, ಸೋದರಮಾವನ ಹೆಂಡತಿಯಾದ್ದರಿಂದ ಅತ್ತೆ, ತಾನು ಮದುವೆಯಾಗಿ ಬಂದಾಗಲೇ ಯಾರೋ ಹೇಳಿದ್ದರು ಎಂದಳು. ದೊಡ್ಡಪ್ಪ ಎರಡನೆಯ ಚುಕ್ಕೆ ಗೆರೆ ಎಳೆದ. ಚಿಕ್ಕಪ್ಪನಿಗೆ ಇಬ್ಬರ ಅಜ್ಞಾನವನ್ನೂ ನೋಡಿ ನಗು ಬಂತು. ಅತ್ತೆ ತಾತನ ಎರಡನೇ ಹೆಂಡತಿಯ ಮಗಳು, ಅಪ್ಪನಿಗೆ ಮಲತಂಗಿ, ಇದು ತನಗೆ ಚಿಕ್ಕಂದಿನಿಂದ ಗೊತ್ತು ಎಂದ. ತಾತನಿಗೆ ಎರಡನೇ ಹೆಂಡತಿ ಇದ್ದದ್ದು ದೊಡ್ಡಪ್ಪನಿಗೆ ಅದೇ ಮೊದಲು ತಿಳಿದದ್ದು. ಆದರೂ ಮೂರನೆಯ ಗೆರೆ ಎಳೆದ. ಈಗ ಅತ್ತೆಯ ಖಾಲಿ ಚೌಕಕ್ಕೆ ಮೂರು ದಿಕ್ಕಿನಿಂದ ಮೂರು ಪೈಪು ಬಂದು ಸೇರಿದವು.

“ಪಾಪ, ಗಂಡ ಇಲ್ಲದೋರು ಅಂತ ಮೂವತ್ತೈದು ವರ್ಷ ಇವರ ಮುಂದೆ ಬಾಯಿ ಮುಚ್ಕೊಂಡಿದ್ದೀನಿ ನಾನು,” ಎಂದಳು ದೊಡ್ಡಮ್ಮ.

ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿದ್ದ ಒಂದು ದಿನವನ್ನಾದರೂ ನೆನಪು ಮಾಡಿಕೊಳ್ಳಲು ಅತ್ತೆ ಪ್ರಯತ್ನಿಸಿದಳು. ಆಗಲಿಲ್ಲ. ಮದುವೆಯನ್ನೇ ಆಗದ ತನಗೆ ಇವಳು ಮೂವತ್ತೈದು ವರ್ಷದಿಂದ ಗಂಡನನ್ನು ಸಾಯಿಸಿಟ್ಟಿದ್ದಾಳಲ್ಲ ಎಂದು ನಗು ಬಂತು, ಸೂಜಿಯ ನೆನಪಾಗಿ ನುಂಗಿಕೊಂಡಳು. ಎಲ್ಲರೂ ಈಗ ಆಕೆಯ ಕಡೆ ತಿರುಗಿದ್ದರು. ನೀವೇ ಹೇಳಿ ಅತ್ತೆ, ಮೂರರಲ್ಲಿ ಯಾವುದು ಎಂದು ದೊಡ್ಡಪ್ಪ ಕೇಳಿದ. ಅತ್ತೆ ಬಾಯಲ್ಲಿದ್ದ ಸೂಜಿಗಳನ್ನು ತೋರಿಸಿದಳು. ಅವು ಖಾಲಿಯಾಗದಿರಲೆಂದು ಅಂಚಿಗೆ ಚುಚ್ಚಿದ್ದ ನಾಲ್ಕನ್ನು ಕಿತ್ತು ಮತ್ತೆ ಬಾಯಿಗಿಟ್ಟುಕೊಂಡಳು.

ದೊಡ್ಡಪ್ಪನಿಗೆ ತಾಳ್ಮೆಯಿತ್ತು. ಆಧಾರವಿಲ್ಲದ ಗೆರೆಯನ್ನು ತಾನು ಜೀವಮಾನದಲ್ಲಿ ಎಳೆದವನಲ್ಲ ಎಂದ. ಮಕ್ಕಳಲ್ಲಿ ಯಾರು ಮೊದಲು, ಯಾರ ಮದುವೆ ಯಾವ ವರ್ಷ ಎಂಬುದನ್ನೆಲ್ಲ ಅವನು ಅತ್ತೆಯ ಅಳತೆ ಪುಸ್ತಕಗಳನ್ನು ನೋಡಿಯೇ ಬರೆದಿದ್ದ. ಆ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಮೊದಲ ಅಂಗಿಯೂ ತಾರೀಖಿನ ಸಮೇತ ಅದರಲ್ಲಿತ್ತು. ಎರಡರಿಂದ ಆರನೆಯ ಪುಸ್ತಕದವರೆಗೆ ಮೇಜಿನ ಮೇಲೇ ಇದ್ದವು. ಮೊದಲನೆಯದು ಎಲ್ಲಿ, ಅದರಲ್ಲಿ ಎಲ್ಲ ಸಿಕ್ಕೀತು ಎಂದು ಕೇಳಿದ.

ಅತ್ತೆ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

“ಅದು ಇಲ್ಲ ಕಣೋ. ಹುಳ ತಿಂದುಹಾಕ್ತು,” ಎಂದಳು.

ಆಮೇಲೆ ಮಿಷನ್ನಿಗೆ ಎಣ್ಣೆ ಬಿಡುವುದಿದೆ ಎಂದು ಗೌನನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದಳು. ಅತ್ತೆ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಂದು ಹೊಸ ಸೊಸೆ ಒಬ್ಬಳು ಕಂಡಳು.

ಹುಳ ತಿನ್ನದ ಮೊದಲನೆಯ ಪುಸ್ತಕ ದಾರದುಂಡೆಗಳ ಡ್ರಾಯರಿನ ಅಡಿಯಲ್ಲಿ ಹಾಗೇ ಇತ್ತು. ಅತ್ತೆ ಗಾಜಿನ ಬಾಗಿಲಿಗೆ ಪರದೆ ಎಳೆದು ಅದನ್ನು ಹೊರತೆಗೆದಳು. ಮೊದಲ ಪುಟದಲ್ಲಿ ಇಪ್ಪತ್ತು ವರ್ಷದ ಹುಡುಗಿಯ ದುಂಡು ಅಕ್ಷರ. ಸಂಬಂಧ ಬರೆಯುವ ಚಾಳಿ ಆಗಲೇ ಶುರುವಾಗಿತ್ತು. ‘ಮನೆ ಮಾಲೀಕರ ಹೆಂಡತಿ.’ ಅದರ ಕೆಳಗೆ ‘ಮಾಲೀಕರ ದೊಡ್ಡ ಮಗ.’ ಒಂದು ಮಿಷನ್ನು, ಒಂದು ಟ್ರಂಕು ಇಟ್ಟುಕೊಂಡು ಮುಂಕೋಣೆಗೆ ಬಾಡಿಗೆಗೆ ಬಂದ ವಾರದಲ್ಲಿ ಬರೆದದ್ದು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅದೇ ಹೆಂಗಸು ‘ಅತ್ತಿಗೆ’ ಆಗಿದ್ದಳು, ಹುಡುಗ ‘ನಮ್ಮ ದೊಡ್ಡವನು’ ಆಗಿದ್ದ. ಈ ನಡುವೆ ಏನಾಯಿತೆಂದು ಪುಸ್ತಕದಲ್ಲಿ ಇರಲಿಲ್ಲ.

ತೆಗೆಯುವುದಾದರೆ ಒಂದೇ ಒಂದು ಹಾಳೆ. ಕತ್ತರಿ ಕೈಯಲ್ಲೇ ಇತ್ತು. ಮೊದಲ ಹಾಳೆ ಹೋದರೆ ಆಕೆ ಆ ಮನೆಗೆ ಬಂದದ್ದೇ ಅತ್ತಿಗೆಯ ನಾದಿನಿಯಾಗಿ. ಮೂರು ಗೆರೆಗಳಲ್ಲಿ ಯಾವುದೋ ಒಂದನ್ನು ತೋರಿಸಿ ಹೂಂ ಅಂದುಬಿಟ್ಟರೆ ಆಯಿತು. ತಾತನ ಎರಡನೇ ಹೆಂಡತಿಯಂತೂ ಈಗ ಬಂದು ಇಲ್ಲ ಅನ್ನುವುದಿಲ್ಲ. ತಾನು ಹೂಂ ಅನ್ನದಿದ್ದರೆ ಭಾನುವಾರ ಇಪ್ಪತ್ತೆರಡು ಜನ ನೀಲಿ ಬಟ್ಟೆ ತೊಟ್ಟು ನಿಲ್ಲುತ್ತಾರೆ. ಬಾಡಿಗೆಯವರು ಒಂಚೂರು ಪಕ್ಕಕ್ಕೆ ಬನ್ನಿ ಎಂದು ಫೋಟೋದವನು ಹೇಳುತ್ತಾನೆ. ಎಲ್ಲರಿಗೂ ಕೆಟ್ಟದೆನಿಸುತ್ತದೆ, ಆದರೆ ಹೇಳಿದ್ದು ತಪ್ಪು ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹಜಾರದ ಗೋಡೆಯ ಮೇಲೆ ಆ ನಕ್ಷೆ ದಿನಾ ತೂಗುತ್ತದೆ. ಅದರ ಕೆಳಗೆ ಕೂತು ತಾನು ದಿನಾ ಊಟ ಮಾಡಬೇಕು.

ಹಾಳೆಯ ಬುಡಕ್ಕೆ ಕತ್ತರಿ ಇಟ್ಟಳು. ಕತ್ತರಿಸುವ ಮೊದಲು ಬಟ್ಟೆಯ ಹಿಂಬದಿ ನೋಡುವುದು ಆಕೆಯ ಅಭ್ಯಾಸ. ಹಾಳೆಯನ್ನೂ ತಿರುಗಿಸಿದಳು. ಹಿಂದೆ ನಾಲ್ಕು ವರ್ಷದ ಚಿಕ್ಕಪ್ಪ ಇದ್ದ. ‘ಮಾಲೀಕರ ಚಿಕ್ಕ ಮಗ: ಚಡ್ಡಿ. ನಿಲ್ಲುವುದಿಲ್ಲ, ಕಚ್ಚುತ್ತಾನೆ. ಅಳತೆ ಅಂದಾಜು.’

ಇದೊಳ್ಳೆ ಪೀಕಲಾಟವಾಯಿತು. ತನ್ನನ್ನು ಉಳಿಸಿಕೊಳ್ಳಬೇಕಾದರೆ ಅವನ ಮೊದಲ ಚಡ್ಡಿ ಹೋಗುತ್ತದೆ. ಕಚ್ಚಿಸಿಕೊಂಡು ತೆಗೆದ ಅಳತೆ ಅದು.

ಅಷ್ಟರಲ್ಲಿ ಒಳಬಾಗಿಲು ತಳ್ಳಿಕೊಂಡು ಹೊಸ ಸೊಸೆ ಬಂದಳು. ಅತ್ತೆ ಪುಸ್ತಕವನ್ನು ಸ್ಟೂಲಿನ ಮೇಲಿದ್ದ ನೀಲಿ ತುಂಡಿನ ಕೆಳಗೆ ತುರುಕಿದಳು. ಇಡೀ ಅಂಗಡಿಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಹುಡುಗಿ ಅದರ ಮೇಲೇ ಕೂತಳು. ತೋಳು ಸ್ವಲ್ಪ ಉದ್ದವಾಯಿತೇನೋ ಎಂದು ಕೇಳಲು ಬಂದಿದ್ದಳಂತೆ. ಎರಡು ಸಲ ಅತ್ತಿತ್ತ ಸರಿದಾಡಿದಳು. ಮೂರನೆಯ ಸಲಕ್ಕೆ ಎದ್ದು ಬಟ್ಟೆ ಎತ್ತಿದಳು. ಅಂಚೆಯವಳ ಕಣ್ಣು, ತೆರೆಯುವ ಮೊದಲು ಮೇಲಿದ್ದದ್ದನ್ನು ಓದಿತು. ‘ಅಳತೆ. ಒಂದು.’

ಹುಳ ತಿಂದ ಗುರುತಿಗಾಗಿ ಪುಸ್ತಕವನ್ನು ಹಿಂದೆ ಮುಂದೆ ನೋಡಿದಳು. ಮೊದಲ ಪುಟ ಓದಿದಳು, ಮೂರನೆಯದನ್ನೂ ಓದಿದಳು. ಅತ್ತೆ ಮಿಷನ್ನಿಗೆ ಎಣ್ಣೆ ಬಿಡತೊಡಗಿದಳು. ಬೆಳಗ್ಗೆಯೇ ಬಿಟ್ಟಾಗಿದ್ದರಿಂದ ಅದು ಕೆಳಗೆ ಹರಿಯಿತು.

“ಯಾರಿಗೂ ಹೇಳ್ಬೇಡ ಮಗಾ,” ಎಂದಳು ಅತ್ತೆ, ತಿರುಗಿ ನೋಡದೆ. “ನಾನು ಅವರಿಗೆ ಏನೂ ಆಗಬೇಕಿಲ್ಲ.”

ಹುಡುಗಿ ಪುಸ್ತಕ ಮುಚ್ಚಿದಳು.

“ನಾನು ಬಂದ ಮಾರನೇ ದಿನ ನನ್ನನ್ನ ಸೊಸೆ ಅಂದ್ರು. ನನ್ನ ಹೆಸರು ಸರಿಯಾಗಿ ಹೇಳೋಕೆ ಬರದೇ ಇದ್ದೋರೂ ಸೊಸೆ ಅಂದ್ರು. ನನಗೆ ಆಗ ಈ ಮನೇಲಿ ಬಚ್ಚಲು ಎಲ್ಲಿದೆ ಅಂತಾನೂ ಗೊತ್ತಿರಲಿಲ್ಲ. ನೀವೇ ತೋರಿಸಿದ್ದು.”

“ನಿನ್ನದು ಮದುವೆ. ಜೋಡಿ ಗೆರೆ ಇದೆ.”

“ಅದೂ ಪೆನ್ಸಿಲ್ಲಲ್ಲೇ ಇದೆ ಹೊಲಿಗೆ ಅತ್ತೆ. ಮೊನ್ನೆ ನಾನೂ ಇವರೂ ಜಗಳ ಆಡಿದಾಗ ಮಾವ ಅಲ್ಲೊಂದು ವಾಲ್ವ್ ಹಾಕಿದ್ರು.”

ಪುಸ್ತಕವನ್ನು ಮೇಜಿನ ಮೇಲಿಟ್ಟು ಅವಳು ಹೊರಟುಹೋದಳು. ತೋಳಿನ ವಿಷಯ ಮರೆತೇಬಿಟ್ಟಿದ್ದಳು.

ಅತ್ತೆ ಕೆಳಗೆ ಹರಿದ ಎಣ್ಣೆ ಒರೆಸಿದಳು. ಕತ್ತರಿಯನ್ನು ಮೊಳೆಗೆ ತೂಗುಹಾಕಿದಳು. ಐವತ್ತು ವರ್ಷದಲ್ಲಿ ಯಾರ ಅಳತೆಯನ್ನೂ ತಪ್ಪು ಬರೆದವಳಲ್ಲ, ಷಡ್ಡಕನ ಸೊಂಟವನ್ನು ಕೂಡ. ಪುಸ್ತಕ ಎತ್ತಿಕೊಂಡು, ಮಂಡಿ ನೋವಿಗೆ ಒಂದೊಂದೇ ಮೆಟ್ಟಿಲಿಗೆ ನಿಂತು, ಮೇಲೆ ಹೋದಳು.

ಹಜಾರದಲ್ಲಿ ಎಲ್ಲರೂ ಇನ್ನೂ ಇದ್ದರು. ತಾತನ ಎರಡನೇ ಹೆಂಡತಿಗೆ ಚೌಕ ಬೇಕೋ ಬೇಡವೋ ಎಂದು ಅಣ್ಣತಮ್ಮಂದಿರ ವಾದ ನಡೆದಿತ್ತು. ಅತ್ತೆ ಉಪ್ಪಿನ ಜಾಡಿಯನ್ನು ಸರಿಸಿ ಆ ಜಾಗದಲ್ಲಿ ಪುಸ್ತಕವಿಟ್ಟಳು. ಹುಳ ತಿಂದಿಲ್ಲ, ತಾನು ಸುಳ್ಳು ಹೇಳಿದೆ ಎಂದಳು. ಆಮೇಲೆ ಅಜ್ಜಿಯ ಕಾಲ ಬಳಿ ಕೂತು, ಬಿಟ್ಟಿದ್ದ ಅಂಚನ್ನು ಕೈಗೆತ್ತಿಕೊಂಡಳು. ಈ ಸಲ ಬಾಯಿಗೆ ಸೂಜಿ ಇಟ್ಟುಕೊಳ್ಳಲಿಲ್ಲ.

ದೊಡ್ಡಪ್ಪ ಕನ್ನಡಕ ಏರಿಸಿ ಕಡತ ಓದುವ ಧ್ವನಿಯಲ್ಲಿ ಶುರುಮಾಡಿದ. “ಮನೆ ಮಾಲೀಕರ ಹೆಂಡತಿ: ಕುತ್ತಿಗೆ ಹದಿಮೂರು, ಬಿಗಿ ಅನ್ನುತ್ತಾರೆ. ಮಾಲೀಕರ ದೊಡ್ಡ ಮಗ: ಶರ್ಟು, ಎದೆ ಇಪ್ಪತ್ತಾರು. ಮೂಗನ್ನು ತೋಳಿಗೆ ಒರೆಸುತ್ತಾನೆ, ತೋಳಿಗೆ...” ಅಲ್ಲಿಗೆ ನಿಲ್ಲಿಸಿದ. “ತೋಳಿಗೆ ಗಟ್ಟಿ ಬಟ್ಟೆ ಹಾಕುವುದು” ಎಂಬುದನ್ನು ದೊಡ್ಡಮ್ಮ ಭುಜದ ಮೇಲಿಂದ ಬಗ್ಗಿ ಪೂರ್ತಿ ಮಾಡಿದಳು. ಇದನ್ನು ಮದುವೆಗೆ ಮೊದಲೇ ತನಗೆ ಯಾರಾದರೂ ಓದಿ ಹೇಳಬೇಕಿತ್ತು ಎಂದಳು. ಆದರೆ ಯಾರೂ ನಗಲಿಲ್ಲ. ಮಾಲೀಕರು ಎಂಬ ಮಾತು ಮೇಜಿನ ಮೇಲೆ ಹಾಗೇ ಉಳಿದಿತ್ತು.

ಅತ್ತೆ ಹೇಳಬೇಕಾದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅವರಪ್ಪನ ಚಿಕ್ಕಪ್ಪನ ಮಗಳಲ್ಲ, ಅತ್ತಿಗೆಯ ತಮ್ಮನ ಹೆಂಡತಿಯಲ್ಲ, ಮಲತಂಗಿಯೂ ಅಲ್ಲ. ಮುಂಕೋಣೆ ಖಾಲಿ ಇದೆ ಎಂಬ ಬೋರ್ಡು ನೋಡಿ ಬಂದವಳು.

ದೊಡ್ಡಪ್ಪನ ಮುಖ ಸಣ್ಣದಾಯಿತು. ಐವತ್ತು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲ ಎಂದ. ಕೇಳಲಿಲ್ಲವಲ್ಲ ಎಂದು ಅತ್ತೆ ಅಂಚಿಗೆ ಹೇಳಿದಳು. ಅವನು ರಬ್ಬರು ತೆಗೆದುಕೊಂಡ. ಆಧಾರ ಸುಳ್ಳೆಂದು ಗೊತ್ತಾದ ಮೇಲೆ ಗೆರೆಯನ್ನು ಉಳಿಸಿಕೊಳ್ಳುವುದು ಅವನಿಂದ ಆಗದ ಕೆಲಸ. ಮೊದಲನೆಯ ಚುಕ್ಕೆ ಗೆರೆ ಅಳಿಸಿದ. ಎರಡನೆಯದು, ಮೂರನೆಯದು. ಚೌಕ ಒಂದೇ ಉಳಿಯಿತು, ನಡುವೆ, ಯಾವ ಕಡೆಯಿಂದಲೂ ಏನೂ ಬರದೆ. ರಬ್ಬರಿನ ಪುಡಿಯನ್ನು ಅವನು ಊದಿದ್ದು ಅತ್ತೆಯವರೆಗೂ ಕೇಳಿಸಿತು. ಆಕೆ ಒಂದು ಸೂಜಿಯನ್ನು ಗೌನಿನ ಬದಲು ಬೆರಳಿಗೆ ಚುಚ್ಚಿಕೊಂಡಳು.

“ಏನೋ ಅದು, ಒರೆಸ್ತಿರೋದು?” ಅಜ್ಜಿ ಕಣ್ಣು ಬಿಟ್ಟಿದ್ದಳು. ಯಾವಾಗಿನಿಂದ ಎಚ್ಚರವಿದ್ದಳೋ ಯಾರಿಗೂ ತಿಳಿಯದು. ಅಜ್ಜಿಯ ಕಿವಿ ಮಂದ, ಆದರೆ ಯಾವ ಮಾತಿಗೆ ಎಂಬುದನ್ನು ಅವಳೇ ನಿರ್ಧರಿಸುತ್ತಿದ್ದಳು.

ಅತ್ತೆ ನಮಗೆ ಹೇಗೆ ಅತ್ತೆಯಾದರು ಎಂದು ದೊಡ್ಡಪ್ಪ ಅವಳ ಕಿವಿಯ ಬಳಿ ಕೂಗಿ ಕೇಳಿದ.

“ನಾನು ಮಾಡ್ದೆ,” ಎಂದಳು ಅಜ್ಜಿ. “ನಿಮ್ಮಪ್ಪ ಒಬ್ಬನೇ ಮಗ. ಅಕ್ಕ ಇಲ್ಲ, ತಂಗಿ ಇಲ್ಲ. ಬೀದಿ ನಲ್ಲಿ ಹತ್ರ ಎಲ್ಲರೂ ನಮ್ಮ ನಾದಿನಿ ಹಾಗಂದ್ಲು, ಹೀಗಂದ್ಲು ಅಂತ ಹೇಳ್ಕೊಳ್ಳೋರು. ನನಗೆ ಹೇಳೋಕೆ ಏನೂ ಇರ್ತಿರಲಿಲ್ಲ, ಬಿಂದಿಗೆ ತುಂಬಿಸ್ಕೊಂಡು ಸುಮ್ಮನೆ ಬರ್ತಿದ್ದೆ. ಇವಳು ಬಂದ ನಾಲ್ಕನೇ ದಿನ ಬಟ್ಟೆ ಹಗ್ಗಕ್ಕೆ ಜಗಳ ತೆಗೆದ್ಲು.”

“ನಾನು ತೆಗೀಲಿಲ್ಲ ಅತ್ತಿಗೆ. ನನ್ನ ಹಗ್ಗದ ಮೇಲೆ ನೀನು ಕಂಬಳಿ ಹಾಕಿದ್ದೆ.”

“ನೋಡಿದ್ರಾ?” ಅಜ್ಜಿ ಎಲ್ಲರ ಕಡೆ ತಿರುಗಿದಳು. ಮುಖ ಅರಳಿತ್ತು. “ಇನ್ನೂ ಬಿಟ್ಟಿಲ್ಲ. ಅವತ್ತು ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಜಗಳ ಆಡಿದ್ವಿ. ಆಮೇಲೆ ಇಬ್ಬರಿಗೂ ಹಸಿವಾಯ್ತು, ಒಳಗೆ ಬಾ ಅಂದೆ, ಊಟಕ್ಕೆ ಕೂತ್ಲು. ಬಾಡಿಗೆಯೋಳು ಯಾರಾದ್ರೂ ಮಾಲೀಕರ ಜೊತೆ ಹಾಗೆ ಜಗಳ ಆಡ್ತಾಳಾ? ಜಗಳ ಆಡಿ ಅದೇ ಮನೇಲಿ ಉಣ್ತಾಳಾ? ನಾದಿನಿ ಬಿಟ್ರೆ ಇನ್ಯಾರೂ ಮಾಡಲ್ಲ. ಅವತ್ತು ಸಾಯಂಕಾಲವೇ ನಿಮ್ಮಿಬ್ಬರಿಗೂ ಹೇಳ್ದೆ, ಇವಳು ನಿಮ್ಮಪ್ಪನಿಗೆ ತಂಗಿ, ಅತ್ತೆ ಅನ್ನಿ ಅಂತ. ಮಾರನೇ ದಿನ ನಲ್ಲಿ ಹತ್ರ ನನಗೂ ಹೇಳೋಕೆ ಬೇಕಾದಷ್ಟಿತ್ತು.”

ಇಷ್ಟು ಹೇಳಿ, ಇನ್ನು ನಿಮಗೆ ಬಿಟ್ಟದ್ದು ಎಂಬಂತೆ ಅವಳು ಮತ್ತೆ ಕಣ್ಣು ಮುಚ್ಚಿದಳು.

ದೊಡ್ಡಪ್ಪ ನಿಘಂಟು ಎಳೆದುಕೊಂಡು ಅ ಅಕ್ಷರಕ್ಕೆ ಹೋದ. ಅತ್ತೆ ಎಂಬಲ್ಲಿ ಬೆರಳಿಟ್ಟು ತುಂಬ ಹೊತ್ತು ನೋಡಿದ. ಮೂರು ಅರ್ಥ ಕೊಟ್ಟಿದ್ದಾರೆ, ಎಲ್ಲಿಂದ ಬಂತು ಅಂತ ಕೊಟ್ಟಿಲ್ಲ ಎಂದ. ನಿಘಂಟು ಹಳೆಯದೆಂದು ಆವತ್ತೇ ಹೇಳಲಿಲ್ಲವೇ ಎಂದು ದೊಡ್ಡಮ್ಮ ಮತ್ತು ಚಿಕ್ಕಪ್ಪನ ಹೆಂಡತಿ ಒಟ್ಟಿಗೇ ನೆನಪಿಸಿದರು. ಅವನು ನಿಘಂಟು ಮುಚ್ಚಿ, ಆ ಒಂಟಿ ಚೌಕದ ಎದುರು ಪೆನ್ಸಿಲ್ಲು ಹಿಡಿದು ಕೂತ. ಹೆಂಡತಿ ಏನೋ ಹೇಳಹೊರಟಳು. ಅವನು ಕೈಯೆತ್ತಿ ತಡೆದ.

“ಒಂದ್ಸಲ ಮಾರ್ಕೆಟ್ ಹತ್ರ ಅಗೆಯುವಾಗ ಒಂದು ಹಳೇ ಪೈಪು ಸಿಕ್ತು,” ಎಂದ ನಿಧಾನವಾಗಿ. “ಯಾವ ನಕ್ಷೇಲೂ ಇಲ್ಲ. ಯಾರು ಹಾಕಿದ್ದು, ಎಲ್ಲಿಂದ ಬಂತು, ಒಂದು ಚೀಟಿನೂ ಇಲ್ಲ. ಆಗ ಹೊಸದಾಗಿ ಬಂದಿದ್ದ ಇಂಜಿನಿಯರು ದಾಖಲೆ ಇಲ್ಲದ್ದು ಬೇಡ ಅಂತ ಕತ್ತರಿಸಿಬಿಟ್ಟ. ಮಾರನೇ ದಿನ ಬೆಳಗ್ಗೆ ಹದಿನಾಲ್ಕು ಬೀದೀಲಿ ನೀರಿಲ್ಲ.”

ಆಮೇಲೆ ಏನಾಯಿತು ಎಂದು ಹೊಸ ಸೊಸೆ ಕೇಳಿದಳು.

“ಆಮೇಲೇನು. ಅವನನ್ನ ವ‌ರ್ಗ ಮಾಡಿದ್ರು, ಪೈಪನ್ನ ಮತ್ತೆ ಜೋಡಿಸಿದ್ವಿ. ನಾನೇ ನಕ್ಷೆಗೆ ಹಾಕ್ದೆ. ಇದ್ದ ಹಾಗೇ ಹಾಕಿ ಪಕ್ಕದಲ್ಲಿ ಬರ್ದೆ. ದಾಖಲೆ ಇಲ್ಲ, ನೀರಿದೆ ಅಂತ.”

ಅಜ್ಜಿಯ ಚೌಕದಿಂದ ಅತ್ತೆಯ ಚೌಕಕ್ಕೆ ಅವನು ಒಂದು ಗೆರೆ ಎಳೆದ. ಚುಕ್ಕೆಯಲ್ಲ, ಪೂರ್ತಿ ಗೆರೆ. ಪೆನ್ಸಿಲ್ಲು ಕೆಳಗಿಟ್ಟು ಪೆನ್ನಿನಲ್ಲಿ ಅದರ ಮೇಲೇ ಇನ್ನೊಮ್ಮೆ ಎಳೆದ. ನಡುವೆ ವಾಲ್ವಿನ ಗುರುತೂ ಹಾಕಿದ, ಬಟ್ಟೆ ಹಗ್ಗದ ಜಗಳ ಇನ್ನೂ ತೀರ್ಮಾನವಾಗಿಲ್ಲವಲ್ಲ ಎಂದ. ಕೆಳಗೆ ‘ದಾಖಲೆ ಇಲ್ಲ, ನೀರಿದೆ’ ಎಂದು ಬರೆಯಹೊರಟಾಗ ದೊಡ್ಡಮ್ಮ ಕೈ ಹಿಡಿದಳು. ಮನುಷ್ಯರ ಕೆಳಗೆ ಯಾರಾದರೂ ನೀರಿದೆ ಅಂತ ಬರೆಯುತ್ತಾರೆಯೇ, ನೋಡಿದವರು ಏನೆಂದುಕೊಂಡಾರು ಎಂದು ಗದರಿದಳು. ಚಿಕ್ಕಪ್ಪ ಅಷ್ಟು ಹೊತ್ತೂ ಪುಸ್ತಕದ ಎರಡನೆಯ ಪುಟವನ್ನೇ ನೋಡುತ್ತಿದ್ದ. ತಾನು ಕಚ್ಚಿದ್ದು ಯಾವ ಕೈಗೆ ಎಂದು ಅತ್ತೆಯನ್ನು ಕೇಳಿದ. ಎಡಗೈಗೆ ಎಂದು ಆಕೆ ತೋರಿಸಿದಳು. ಅವನು ಆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ನೋಡಿ, ಗುರುತು ಏನೂ ಇಲ್ಲ ಎಂದ.

“ಅಂದ್ರೆ ನಿಮ್ಮ ಗಂಡ ಸತ್ತಿಲ್ಲ,” ಎಂದಳು ದೊಡ್ಡಮ್ಮ, ಇದ್ದಕ್ಕಿದ್ದಂತೆ ಹೊಳೆದವಳ ಹಾಗೆ. “ಹಾಗಾದ್ರೆ ಇನ್ಮೇಲೆ ನಾನು ಬಾಯಿ ಬಿಟ್ಟು ಮಾತಾಡಬಹುದು. ಮೊದಲನೇದು ಇದು, ನಿಮ್ಮ ಬಟ್ಟೆ ಯಾಕೆ ಇನ್ನೂ ಹೊಲಿದಿಲ್ಲ? ಭಾನುವಾರಕ್ಕೆ ಮೂರು ದಿನ ಇದೆ. ನಾನು ಲೆಕ್ಕ ಹಾಕಿ ತಂದಿದ್ದು ಇಪ್ಪತ್ತಮೂರಕ್ಕೆ.”

ಅತ್ತೆ ಕೆಮ್ಮುತ್ತಾ ಕಣ್ಣೊರೆಸಿಕೊಂಡಳು. ಎಲ್ಲರೂ ಮೊದಲು ಸೂಜಿ ಎಂದೇ ಗಾಬರಿಯಾದರು.

ಸಂಜೆ ಅಂಗಡಿಯಲ್ಲಿ ಹೊಸ ಸೊಸೆ ಟೇಪು ಹಿಡಿದು ನಿಂತಳು. ಆರು ಪುಸ್ತಕಗಳಲ್ಲಿ ಎಲ್ಲಿಯೂ ಅತ್ತೆಯ ಅಳತೆ ಇರಲಿಲ್ಲ. ಹಳೆಯ ಬಟ್ಟೆಯನ್ನು ಮೇಲಿಟ್ಟು ಅಂದಾಜಿನಲ್ಲಿ ತನ್ನದನ್ನು ಕತ್ತರಿಸಿಕೊಳ್ಳುವುದೇ ಆಕೆಗೆ ರೂಢಿ. ಬೇರೆಯವರು ತನ್ನ ಅಳತೆ ತೆಗೆಯುವಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಆಕೆ ಮಿಷನ್ನಿನ ಚಕ್ರ ಹಿಡಿದುಕೊಂಡಳು. ಅಜ್ಜಿ ಹೊಸ ಗೌನಿನಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಕುತ್ತಿಗೆ ಬಿಗಿ ಎಂದು ಎರಡು ಸಲ ಹೇಳಿಯಾಗಿತ್ತು.

ಹುಡುಗಿ ಹೊಸ ಪುಟ ತೆರೆದಳು. ತಲೆಬರಹ ಏನು ಬರೆಯಲಿ ಎಂದು ಕೇಳಿದಳು.

“ನಾದಿನಿ ಅಂತ ಬರಿ,” ಎಂದಳು ಅಜ್ಜಿ.

“ಅದು ನಿಮಗೆ, ಅಜ್ಜಿ. ಬರೀತಿರೋದು ನಾನು,” ಎಂದು ಹುಡುಗಿ ದುಂಡಗೆ ‘ಹೊಲಿಗೆ ಅತ್ತೆ’ ಎಂದು ಬರೆದಳು. ಭುಜ, ತೋಳು, ಎದೆ ಆಯಿತು. ಸೊಂಟಕ್ಕೆ ಬಂದಾಗ ಅತ್ತೆ ಉಸಿರು ಒಳಗೆಳೆದುಕೊಂಡಳು. ಹುಡುಗಿ ಕಾದಳು. ಎಷ್ಟು ಹೊತ್ತು ಕಾದರೂ ಎಪ್ಪತ್ತು ವರ್ಷದವಳು ಉಸಿರು ಬಿಡಲೇಬೇಕಲ್ಲ, ಬಿಟ್ಟಳು.

“ಮೂವತ್ತೆಂಟು,” ಎಂದಳು ಹುಡುಗಿ.

“ಮೂವತ್ತಾರು ಅಂತ ಬರಿ.”

ಹುಡುಗಿ ಮೂವತ್ತೆಂಟು ಎಂದೇ ಬರೆದಳು. ಪಕ್ಕದಲ್ಲಿ ಷರಾ ಸೇರಿಸಿದಳು: ‘ಮೂವತ್ತಾರು ಅಂತ ವಾದಿಸುತ್ತಾರೆ. ಒಪ್ಪಿಕೊಂಡು ಒಳಗೆ ಬಟ್ಟೆ ಬಿಟ್ಟಿರುವುದು.’